ಇಬ್ಬರಿಗೂ ಒಂದೇ ಭಾನುವಾರ

ಆಕೆ ಅಂಗಿ ಹೊಲಿಯುತ್ತಾಳೆ, ಆತ ಅಂಗಿ ಮಾರುತ್ತಾನೆ. ಆಕೆ ಹೋಗುವುದು ಪೀಣ್ಯದ ಗಾರ್ಮೆಂಟ್ಸ್‌ಗೆ. ಆತ ನಿಲ್ಲುವುದು ಮಾಲ್‌ನೊಳಗಿನ ಬಟ್ಟೆ ಅಂಗಡಿಯಲ್ಲಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಆಕೆ ಹೊರಟಾಗ ಆತನಿಗಿನ್ನೂ ನಿದ್ದೆ. ರಾತ್ರಿ ಹತ್ತೂವರೆಗೆ ಆತ ಬಾಗಿಲು ತಟ್ಟುವ ಹೊತ್ತಿಗೆ ಆಕೆಗೆ ತೂಕಡಿಕೆ. ಒಂದೇ ಮನೆಯಲ್ಲಿದ್ದೂ ಪಾಳಿ ಬದಲಾಯಿಸುವ ಕಾವಲುಗಾರರ ಹಾಗೆ ವಾರ ಕಳೆಯುವ ಇಂಥ ಗಂಡಹೆಂಡಿರು ದಾಸರಹಳ್ಳಿಯ ಯಾವ ಬೀದಿಗೆ ಹೋದರೂ ಸಿಗುತ್ತಾರೆ.

ರಜೆಯಾದರೂ ಒಟ್ಟಿಗೆ ಬರುತ್ತದೆಯೇ? ಅದೂ ಇಲ್ಲ. ಭಾನುವಾರ ಗಾರ್ಮೆಂಟ್ಸ್‌ಗೆ ಬೀಗ, ಮಾಲ್‌ಗೆ ಜಾತ್ರೆ. ಆತನ ವೀಕಾಫ್ ಬುಧವಾರ.

ಆಕೆಯ ಭಾನುವಾರಕ್ಕೊಂದು ಇತಿಹಾಸವಿದೆ. ಮುಂಬೈಯ ಹತ್ತಿ ಗಿರಣಿಗಳಲ್ಲಿ ಕಾರ್ಮಿಕರು ವಾರದ ರಜೆಯೆಂಬುದೇ ಇಲ್ಲದೆ ದುಡಿಯುತ್ತಿದ್ದ ಕಾಲದಲ್ಲಿ ಜೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ಆ ಕಾರ್ಮಿಕರನ್ನು ಒಗ್ಗೂಡಿಸಿದರು. ಭಾನುವಾರ ಖಂಡೋಬನ ವಾರ, ಅಂದು ಬಿಡುವು ಬೇಕು ಎಂಬ ವಾದವೂ ಅವರ ಬೇಡಿಕೆಯಲ್ಲಿ ಸೇರಿತ್ತು. ಆ ಖಂಡೋಬನೇ ನಮ್ಮ ಕಡೆಯ ಮೈಲಾರಲಿಂಗ. ವರ್ಷಗಳ ಒತ್ತಾಯದ ನಂತರ 1890ರ ಜೂನ್ 10ರಂದು ಗಿರಣಿ ಮಾಲೀಕರು ಒಪ್ಪಿದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಯ ದುಡಿಮೆ, ಒಂದು ದಿನದ ರಜೆ ಎಂದು ಗೆರೆ ಎಳೆಯಿತು. ಅಂಗಡಿ ನೌಕರರಿಗೆಂದು ಕರ್ನಾಟಕದಲ್ಲಿ 1961ರ ಕಾಯ್ದೆಯಿದೆ. ಅದರಂತೆ ಅವರಿಗೂ ವಾರಕ್ಕೊಂದು ರಜೆ ಉಂಟು. ಆದರೆ ಆ ರಜೆ ಮನೆಯವರ ರಜೆಯ ದಿನವೇ ಬರಲಿ ಎಂದು ನೋಡಿಕೊಳ್ಳುವ ಕಾಯ್ದೆ ಯಾವುದೂ ಇಲ್ಲ.

ಹೇಗೆ ತಾನೇ ಬರಬೇಕು? ಊರೆಲ್ಲ ತಿರುಗಾಡುವ ದಿನ ಊರನ್ನು ತೆರೆದಿಡಲು ಜನ ಬೇಕಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ದೋಸೆ ಹಾಕುತ್ತಿದೆ; ಅದರ ರಜೆ ಶುಕ್ರವಾರ. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ಗೆ ಸೋಮವಾರ ರಜೆ. ಬನ್ನೇರುಘಟ್ಟದ ಉದ್ಯಾನಕ್ಕೆ ಮಂಗಳವಾರ. ಭಾನುವಾರ ನಾವು ದೋಸೆ ತಿಂದು, ಹುಲಿ ನೋಡಿ, ಮಾಲ್ ಸುತ್ತಿ ಬಂದೆವೆಂದರೆ, ಆ ಹೊತ್ತಿನಲ್ಲಿ ಕಾವಲಿಯ ಮುಂದೆ, ಟಿಕೆಟ್ ಕಿಟಕಿಯ ಹಿಂದೆ, ಟ್ರಯಲ್ ರೂಮಿನ ಬಾಗಿಲಲ್ಲಿ ನಿಂತವರ ಮನೆಯಲ್ಲೂ ಯಾರೋ ಕಾಯುತ್ತಿರುತ್ತಾರೆ.

ಇನ್ನು ಆಕೆಯ ಭಾನುವಾರವಾದರೂ ಪೂರ್ತಿ ಆಕೆಯದೇ? ವಾರದ ಬಟ್ಟೆ ಒಗೆಯಬೇಕು, ಹಿಟ್ಟು ರುಬ್ಬಬೇಕು, ಸಾರಿನ ಪುಡಿ ಮುಗಿದಿದ್ದರೆ ಹುರಿಯಬೇಕು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ; ಅದೇ ಕೆಲಸ ಮಾಡುವ ಗಂಡಸರು ಕೊಡುವುದು 88 ನಿಮಿಷ. ಹೆಚ್ಚುಕಡಿಮೆ ಐದು ಗಂಟೆಯ ಎದುರಿಗೆ ಒಂದೂವರೆ ಗಂಟೆ. "ಸಂಜೆ ಎಲ್ಲಿಗಾದ್ರೂ ಹೋಗೋಣ" ಎಂದು ಗಂಡ ಲಹರಿಯಲ್ಲಿ ಹೇಳಿದಾಗ ಹೆಂಡತಿ ಯಾಕೆ ಕುಣಿದಾಡುವುದಿಲ್ಲ ಎಂಬುದು ಈ ಲೆಕ್ಕ ನೋಡಿದರೆ ತಿಳಿಯುತ್ತದೆ.

ಆದ್ದರಿಂದ ಈ ಜೋಡಿಯ ಭಾನುವಾರದ ತಿರುಗಾಟ ಬುಧವಾರವೇ ಶುರುವಾಗುತ್ತದೆ. ಒಬ್ಬನೇ ಮನೆಯಲ್ಲಿರುವ ಆ ದಿನ ಆತ ಬಕೆಟ್ ಬಟ್ಟೆ ಒಗೆದು ತಾರಸಿಯಲ್ಲಿ ಹರವುತ್ತಾನೆ. ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುತ್ತಾನೆ, ಗ್ಯಾಸ್ ಬುಕ್ ಮಾಡುತ್ತಾನೆ. ಅಂಗಡಿಯಲ್ಲಿ ದಿನವಿಡೀ ಅಂಗಿ ಮಡಿಸುವ ಕೈ ಮನೆಯ ಬಟ್ಟೆಯನ್ನೂ ಚೊಕ್ಕಟವಾಗಿ ಮಡಿಸುತ್ತದೆ. ತಿಂಗಳಿಗೊಂದು ಸಲ ಜೊತೆಯ ಹುಡುಗನಿಗೆ ತನ್ನ ಬುಧವಾರ ಬಿಟ್ಟುಕೊಟ್ಟು ಅವನ ಭಾನುವಾರ ಪಡೆಯುತ್ತಾನೆ. ಮ್ಯಾನೇಜರು ಒಪ್ಪಬೇಕು, ಸೇಲ್ ಇರಬಾರದು, ಹಬ್ಬ ಹತ್ತಿರ ಇರಬಾರದು. ಇಷ್ಟೆಲ್ಲ ಕೂಡಿ ಬಂದರೆ ಇಬ್ಬರಿಗೂ ಒಂದು ದಿನ.

ಅಂಥ ಒಂದು ದಿನದಲ್ಲಿ ಊರು ಅಗ್ಗವಾಗಿ ಏನು ಕೊಡುತ್ತದೆ ಎಂಬುದು ಮುಖ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಿ.ಎಂ.ಟಿ.ಸಿ.ಯ ಸಾಮಾನ್ಯ ಬಸ್ಸಿನಲ್ಲಿ ಆಕೆಗೆ ಶೂನ್ಯ ಟಿಕೆಟ್, ಆತನಿಗೆ ಕಾಸಿನ ಟಿಕೆಟ್. ಮೆಟ್ರೊ ಬೇಗ ತಲುಪಿಸುತ್ತದೆ, ಆದರೆ ಅಲ್ಲಿ ಇಬ್ಬರೂ ದುಡ್ಡು ಕೊಡಬೇಕು. 2025ರ ಫೆಬ್ರುವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದೆ. ಹಾಗಾಗಿ ಹೋಗುವಾಗ ಬಸ್ಸು, ಬರುವಾಗ ಕಾಲು ಸೋತಿದ್ದರೆ ಮೆಟ್ರೊ. ಹೋಗುವುದು ಹೆಚ್ಚಾಗಿ ಕಬ್ಬನ್ ಪಾರ್ಕಿಗೆ. ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಈ ತೋಟಕ್ಕೆ ಪ್ರವೇಶ ಶುಲ್ಕವಿಲ್ಲ. ಭಾನುವಾರ ಒಳರಸ್ತೆಗಳಿಗೆ ವಾಹನ ಬಿಡುವುದಿಲ್ಲ. ವಾರವಿಡೀ ಹಾರ್ನ್ ಕೇಳಿದ ಕಿವಿಗೆ ಅಲ್ಲಿ ಮಕ್ಕಳ ಗಲಾಟೆಯೂ ಹಿತ. ಇಬ್ಬರೂ ನಡುರಸ್ತೆಯಲ್ಲೇ ನಡೆಯುತ್ತಾರೆ. ಬಿದಿರು ಮೆಳೆ, ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ ದಾಟಿ ಹೊರಗೆ ಬಂದರೆ ಚುರುಮುರಿ. ಆಕೆ ಸೂಪರ್‌ವೈಸರ್ ಹೇರಿದ ಟಾರ್ಗೆಟ್ಟಿನ ಕಥೆ ಹೇಳುತ್ತಾಳೆ, ಆತ ಹತ್ತು ಅಂಗಿ ಬಿಚ್ಚಿಸಿ ಒಂದೂ ಕೊಳ್ಳದ ಗಿರಾಕಿಯ ಕಥೆ. ವಾರದಿಂದ ಉಳಿದ ಮಾತೆಲ್ಲ ಅಲ್ಲಿ ಹೊರಬೀಳುತ್ತದೆ.

ಈ ತಿಂಗಳ ಭಾನುವಾರ ಇನ್ನೂ ತೀರ್ಮಾನವಾಗಿಲ್ಲ. ಆತನಿಗೆ ಬೆಳಿಗ್ಗೆ ಏಳಕ್ಕೇ ಗಾಂಧಿ ಬಜಾರು ಸೇರಿ ಮಸಾಲೆ ದೋಸೆ ತಿನ್ನುವ ಆಸೆ. "ತಡ ಆದ್ರೆ ಸಾಲು ರಸ್ತೆವರೆಗೂ ಬರುತ್ತೆ ಕಣೇ" ಅಂತಾನೆ. "ಬರ್ಲಿ ಬಿಡ್ರಿ, ನಾನು ಒಂಬತ್ತರವರೆಗೂ ಏಳಲ್ಲ" ಅಂತಾಳೆ ಆಕೆ. ಮಾತುಕತೆ ಜಾರಿಯಲ್ಲಿದೆ.