ಹೆದ್ದಾರಿಯ ಆಚೆ ಬದಿಯ ಶಾಲೆ

(ಹೆದ್ದಾರಿ ಪಕ್ಕದ ಶಾಲೆಯೊಂದರ ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಅಡಿಕೆಯ ಕೊಳೆರೋಗದ ಕುರಿತೋ ಕಾಳುಮೆಣಸಿನ ಸೊರಗುರೋಗದ ಕುರಿತೋ ಮಾತನಾಡಲು ನನ್ನನ್ನು ಕರೆಯುವುದು ವಾಡಿಕೆ. ರಸ್ತೆಯ ಬಗ್ಗೆ ಮಾತನಾಡಿ ಎಂದು ಕರೆದದ್ದು ಇದೇ ಮೊದಲು. ನಾನು ರಸ್ತೆಯ ಎಂಜಿನಿಯರ್ ಅಲ್ಲ. ಆದರೆ ಕಳೆದ ಮಳೆಗಾಲದ ಆ ಸಂಜೆ, ಈ ಶಾಲೆಯ ಎದುರು, ಪಿಕಪ್ ವಾಹನವೊಂದು ಜಾರುತ್ತ ಹೋಗಿ ಚರಂಡಿಗೆ ಇಳಿದುದನ್ನು ಹಿಂದಿನ ವಾಹನದಲ್ಲಿ ಕುಳಿತು ಕಂಡವನು ನಾನು. ಮೂರನೆಯ ತರಗತಿಯ ಹುಡುಗಿ ರಸ್ತೆಯ ನಡುವೆ ನಿಂತಿದ್ದಳು. ಅವಳ ಕೊಡೆ ಚಕ್ರದಡಿ ಸಿಕ್ಕಿತ್ತು. ಅವಳಿಗೆ ಏನೂ ಆಗಲಿಲ್ಲ. ಸೇರಿದ ಜನ ಮೊದಲು ಆಡಿದ ಮಾತು, 'ನೋಡಿಕೊಂಡು ದಾಟಬಾರದೇನೇ?' ಎಂದು.

ಆ ಪ್ರಶ್ನೆಯನ್ನೇ ನಾನು ಇಲ್ಲಿ ಪರೀಕ್ಷಿಸಬಯಸುತ್ತೇನೆ.

ಈ ರಸ್ತೆಯ ಡಾಂಬರು ಸುಮಾರು ಏಳು ಮೀಟರ್ ಅಗಲವಿದೆ. ಚೀಲ ಹೊತ್ತ ಮಗು ಸೆಕೆಂಡಿಗೆ ಒಂದು ಮೀಟರ್ ನಡೆದರೆ ದಾಟಲು ಏಳು ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದ ವಾಹನ ಅಷ್ಟರಲ್ಲಿ 117 ಮೀಟರ್ ಕ್ರಮಿಸಿರುತ್ತದೆ. ಅಂದರೆ ರಸ್ತೆಗೆ ಕಾಲಿಡುವ ಮುನ್ನ ಮಗುವಿಗೆ ಎರಡೂ ದಿಕ್ಕಿನಲ್ಲಿ ಸುಮಾರು 120 ಮೀಟರ್ ದೂರ ಕಾಣಬೇಕು. ಗೇಟಿನ ಬಳಿ ನಿಂತು ಸಾಗರದ ಕಡೆ ನೋಡಿ: ತಿರುವಿನವರೆಗೆ ಅದರ ಅರ್ಧದಷ್ಟೂ ಕಾಣುವುದಿಲ್ಲ. ಎಷ್ಟೇ ಜಾಗರೂಕತೆಯಿಂದ ನೋಡಿದರೂ, ನೋಡುವ ಕ್ಷಣದಲ್ಲಿ ಇಲ್ಲದ ವಾಹನ ನಾಲ್ಕನೆಯ ಸೆಕೆಂಡಿನಲ್ಲಿ ಎದುರಿಗಿರುತ್ತದೆ.

ಇನ್ನು ಚಾಲಕನ ಕಡೆಯಿಂದ ನೋಡೋಣ. ಅಪಾಯವನ್ನು ಗ್ರಹಿಸಿ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ನೆನೆದ ಡಾಂಬರಿನ ಮೇಲೆ 60ರ ವೇಗದ ವಾಹನ ನಿಲ್ಲಲು ಹೆಚ್ಚುಕಡಿಮೆ 60 ಮೀಟರ್ ಬೇಕು. 30ರ ವೇಗವಾದರೆ 20 ಮೀಟರಿನ ಆಸುಪಾಸಿನಲ್ಲಿ ನಿಂತೀತು. ವೇಗ ಅರ್ಧಕ್ಕಿಳಿದರೆ ನಿಲ್ಲುವ ದೂರ ಮೂರನೆಯ ಒಂದು ಪಾಲಿಗಿಳಿಯುತ್ತದೆ, ಬಡಿತದ ಶಕ್ತಿ ಕಾಲುಭಾಗಕ್ಕಿಳಿಯುತ್ತದೆ. ಇದು ಹೈಸ್ಕೂಲಿನ ಭೌತಶಾಸ್ತ್ರ. ಮಕ್ಕಳೂ ವಾಹನಗಳೂ ಬೆರೆಯುವಲ್ಲಿ ವೇಗ 30 ಕಿ.ಮೀ. ಮೀರಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದುದರ ಹಿಂದಿರುವುದೂ ಇದೇ ಲೆಕ್ಕ.

ಇನ್ನೊಂದು ಸಂಗತಿಯಿದೆ, ನನಗೆ ಅತ್ಯಂತ ಮುಖ್ಯವೆನಿಸಿದ್ದು. ಲಂಡನ್ನಿನ ಮನಶ್ಶಾಸ್ತ್ರಜ್ಞರ ತಂಡವೊಂದು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಂಟೆಗೆ ಸುಮಾರು 32 ಕಿ.ಮೀ. ಮೀರಿದ ವೇಗದಲ್ಲಿ ಸಮೀಪಿಸುವ ವಾಹನವನ್ನು ಪ್ರಾಥಮಿಕ ಶಾಲೆಯ ಮಕ್ಕಳ ಕಣ್ಣು ನಂಬಲರ್ಹವಾಗಿ ಗುರುತಿಸಲಾರದು. ದೂರದ ವಾಹನದ ಬಿಂಬ ಕಣ್ಣಿನಲ್ಲಿ ದೊಡ್ಡದಾಗುತ್ತಿರುವುದನ್ನು ಗ್ರಹಿಸುವ ಶಕ್ತಿ ಆ ವಯಸ್ಸಿನಲ್ಲಿ ಪೂರ್ತಿ ಬೆಳೆದಿರುವುದಿಲ್ಲ. ಮಗು ನೋಡಿರುತ್ತದೆ, ವಾಹನ ನಿಂತೇ ಇದೆ ಎಂದು ಭಾವಿಸಿರುತ್ತದೆ. ಇದರ ಮೇಲೆ ನಮ್ಮ ಮಳೆ: ಮುಂದಕ್ಕೆ ಬಾಗಿಸಿ ಹಿಡಿದ ಕೊಡೆ, ಕಿವಿ ತುಂಬುವ ಮಳೆಯ ಸದ್ದು, ನಿಂತ ಬಸ್ಸಿನ ಮರೆ. 'ನೋಡಿಕೊಂಡು ದಾಟು' ಎಂದು ಹೇಳಿಕೊಡಬೇಕು, ನಿಜ. ಆದರೆ ರಸ್ತೆಯ ದೋಷವನ್ನು ಎಂಟು ವರ್ಷದ ಮಗುವಿನ ಹೊಣೆಯಾಗಿಸುವುದನ್ನು ನಾನು ಒಪ್ಪಲಾರೆ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮಡಿದರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಕೇಂದ್ರ ಸರಕಾರವೇ ಪ್ರಕಟಿಸಿದ ಅಂಕಿಗಳಿವು. ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಅತ್ಯಲ್ಪವಾದರೂ ಸಾವುಗಳಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚು ಅಲ್ಲಿಯೇ ಸಂಭವಿಸಿವೆ. ಹೊನ್ನಾವರದಿಂದ ಸಾಗರ, ಶಿವಮೊಗ್ಗಗಳತ್ತ ಹಾಯುವ ನಮ್ಮ ಈ ರಸ್ತೆ ಹಿಂದೆ 206 ಆಗಿತ್ತು, ಈಗ 69. ಸಂಖ್ಯೆ ಬದಲಿಸಲು ಯಾರೂ ಅರ್ಜಿ ಕೊಟ್ಟಿರಲಿಲ್ಲ!

ಪರಿಹಾರವೇನೆಂದು ಕೇಳಿದರೆ ಹಲವರು ಮೇಲುಸೇತುವೆ ಎನ್ನುತ್ತಾರೆ. ಭಾರದ ಚೀಲದೊಡನೆ ನಲವತ್ತು ಮೆಟ್ಟಿಲು ಹತ್ತಿ ಇಳಿಯುವ ಮಗುವನ್ನು ನಾನು ಕಂಡಿಲ್ಲ. ಎಲ್ಲರೂ ಅದರ ಕೆಳಗೇ ಓಡುತ್ತಾರೆ. ನೆಲದಡಿಯ ದಾರಿ ನಮ್ಮಲ್ಲಿ ಜೂನ್ ತಿಂಗಳಲ್ಲೇ ಕೆರೆಯಾದೀತು. ಇನ್ನು ಅಪಘಾತವಾದ ಮರುದಿನ ರೊಚ್ಚಿಗೆದ್ದ ಊರವರೇ ಸಿಮೆಂಟು ಸುರಿದು ಕಟ್ಟುವ ಉಬ್ಬುಗಳಿವೆ. ಬಣ್ಣವಿಲ್ಲದ, ಫಲಕವಿಲ್ಲದ ಅಂಥ ಉಬ್ಬು ರಾತ್ರಿ ಬೈಕಿನವನನ್ನು ಕೊಲ್ಲುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾದರಿಯ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ್ದು, 25 ಕಿ.ಮೀ. ವೇಗದಲ್ಲಿ ಸಲೀಸಾಗಿ ಹಾಯಬಹುದಾದದ್ದು. ಹೆದ್ದಾರಿಯಲ್ಲಿ ಉಬ್ಬು ಹಾಕುವಂತಿಲ್ಲ ಎಂಬ ಉತ್ತರ ಬಂದರೆ, ವೇಗ ಇಳಿಸುವ ಬೇರೆ ಯಾವ ಏರ್ಪಾಡು ಮಾಡುತ್ತೀರಿ ಎಂದು ಲಿಖಿತವಾಗಿ ಕೇಳಬೇಕು. ಅಡ್ಡಪಟ್ಟಿಗಳು, ನಡುವೆ ನಿಂತು ಉಸಿರಾಡಲು ಒಂದು ಕಟ್ಟೆ, ಶಾಲೆಯ ಬಳಿ ಕಿರಿದಾಗುವ ಡಾಂಬರು, ತಿರುವಿನಿಂದ ದೂರಕ್ಕೆ ಸರಿದ ಬಸ್ ನಿಲ್ದಾಣ ಇವೆಲ್ಲ ಸಾಧ್ಯ.

ಕಾನೂನು ನಮ್ಮ ಕಡೆಗಿದೆ. ಮೋಟಾರು ವಾಹನ ಕಾಯಿದೆಯ 112ನೆಯ ಕಲಮಿನಡಿ ರಾಜ್ಯ ಸರಕಾರ ನಿರ್ದಿಷ್ಟ ರಸ್ತೆಗೆ ವೇಗಮಿತಿ ವಿಧಿಸಬಹುದು. 2019ರ ತಿದ್ದುಪಡಿಯಲ್ಲಿ ಸೇರಿದ 198ಎ ಕಲಮಿನ ಪ್ರಕಾರ, ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಹೊಣೆಗಾರ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವಿದೆ. ಮೊತ್ತ ಸಣ್ಣದು. ಆದರೆ ರಸ್ತೆಯೂ ತಪ್ಪಿತಸ್ಥನಾಗಬಲ್ಲದು ಎಂದು ಕಾಯಿದೆ ಒಪ್ಪಿಕೊಂಡಿತಲ್ಲ!

ನಮ್ಮ ಬಳಗದವರಿಗೆ ಕಹಿಯಾದ ಒಂದು ಮಾತನ್ನೂ ಎತ್ತಬೇಕು. 'ತಿರುವಿನಲ್ಲಿ ಕಾಣುವುದಿಲ್ಲವೆಂದಾದರೆ ಮರ ಕಡಿಯೋಣ' ಎಂಬ ಸಲಹೆ ಈಗಾಗಲೇ ಬಂದಿದೆ. ನಾನು ಹಿಂದಿನ ವಾರ ಅಲ್ಲಿ ಮಂಡಿಯೂರಿ ಕುಳಿತು, ಮೂರನೆಯ ತರಗತಿಯ ಮಗುವಿನ ಕಣ್ಣಿನ ಎತ್ತರದಿಂದ ನೋಡಿದೆ. (ದಾರಿಹೋಕರೊಬ್ಬರು ಏನು ಕಳೆದುಕೊಂಡಿರಿ ಎಂದು ಕೇಳಿದರು.) ನೋಟಕ್ಕೆ ಅಡ್ಡವಿರುವುದು ಹಲಸು, ಮಾವಿನ ಕಾಂಡಗಳಲ್ಲ, ಅವುಗಳ ನಡುವೆ ಆಳೆತ್ತರ ಬೆಳೆದ ಯುಪಟೋರಿಯಂ ಮತ್ತು ಲಂಟಾನ. ಎರಡೂ ಹೊರನಾಡಿನಿಂದ ಬಂದ ಕಳೆಗಳು, ಮಳೆ ಮುಗಿಯುವ ಹೊತ್ತಿಗೆ ಅತ್ಯಂತ ದಟ್ಟ. ಒಮ್ಮೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತವೆ. ಹೂಬಿಡುವ ಮೊದಲು ಬೇರುಸಹಿತ ಕಿತ್ತರೆ ಮಾತ್ರ ಪ್ರಯೋಜನ. ಮರ ತೆಗೆದು ರಸ್ತೆ ಅಗಲಿಸಿದರೆ ಚಾಲಕನ ಕಾಲು ಇನ್ನಷ್ಟು ಕೆಳಗೆ ಒತ್ತುತ್ತದೆ. ನನ್ನ ಕಾಲೂ ಒತ್ತೀತು. ತಡವಾದ ದಿನಗಳಲ್ಲಿ ಈ ಗೇಟಿನ ಮುಂದೆ ನಾನೂ ನಿಧಾನಿಸದೆ ಹೋದದ್ದುಂಟು.

ಆದುದರಿಂದ ಮೂರು ಕೆಲಸಗಳನ್ನು ನಾವೇ ಆರಂಭಿಸೋಣ. ಹೈಸ್ಕೂಲಿನ ಮಕ್ಕಳು ರಸ್ತೆಯಂಚಿನಿಂದ ದೂರ ನಿಂತು, ಶಿಕ್ಷಕರ ಜೊತೆಯಲ್ಲಿ ವೇಗ ಅಳೆಯಲಿ. ಸುಣ್ಣದಿಂದ ನೂರು ಮೀಟರ್ ಅಂತರದಲ್ಲಿ ಎರಡು ಗುರುತು ಹಾಕಿದರೆ ಸಾಕು. ಆ ದೂರವನ್ನು ಆರು ಸೆಕೆಂಡಿನಲ್ಲಿ ಹಾಯ್ದರೆ 60, ಹನ್ನೆರಡರಲ್ಲಿ ಹಾಯ್ದರೆ 30. ಹದಿನೈದು ದಿನಗಳ ದಾಖಲೆಯಿದ್ದರೆ ನಮ್ಮ ಮನವಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಸುಲಭವಾಗಿ ಬದಿಗಿಡಲಾರದು. ಎಲ್ಲಿ ದಾಟುತ್ತೇವೆ, ಎಲ್ಲಿ ಹೆದರಿಕೆಯಾಗುತ್ತದೆ ಎಂಬ ನಕ್ಷೆಯನ್ನು ಸಣ್ಣ ಮಕ್ಕಳೇ ಬರೆದು ಮಕ್ಕಳ ಗ್ರಾಮಸಭೆಯಲ್ಲಿ ಮಂಡಿಸಲಿ, ಪಂಚಾಯತಿ ನಡಾವಳಿಯಲ್ಲಿ ಅದು ದಾಖಲಾಗಲಿ.

ಮೂರನೆಯದು ಕಳೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ತಿರುವಿನ ಬಳಿ ಸೇರೋಣ. ಕತ್ತಿ, ಗುದ್ದಲಿ ಮನೆಯಿಂದ ತನ್ನಿ. ಇಬ್ಬರು ಕೆಂಪು ಬಾವುಟ ಹಿಡಿದು ಎರಡೂ ಕಡೆ ನಿಲ್ಲಬೇಕಾಗುತ್ತದೆ. ಅವರ ಹೆಸರನ್ನು ಈ ಸಭೆ ಮುಗಿಯುವುದರೊಳಗೆ ಮುಖ್ಯೋಪಾಧ್ಯಾಯರಲ್ಲಿ ಬರೆಸಿಬಿಡಿ.