ಮಂಗಳೂರಿನಿಂದ ದಂಡಿಗೆ: ಒಂದು ದಿನದ ರೈಲು ಪ್ರವಾಸ



ಯೂರೋಪು ಖಂಡವನ್ನು ನೋಡಿಬಂದವರು ಮೊದಲು ಹೇಳುವ ಮಾತೊಂದುಂಟು: ಬೆಳಿಗ್ಗೆ ಒಂದು ದೇಶದಲ್ಲಿ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಎರಡನೆಯ ದೇಶ, ದೀಪ ಹಚ್ಚುವ ಹೊತ್ತಿಗೆ ಮೂರನೆಯದು. ಸ್ವಿಟ್ಜರ್ಲೆಂಡಿನ ಜೂರಿಕ್ಕಿನಿಂದ ಆಸ್ಟ್ರಿಯದ ವಿಯೆನ್ನಾಕ್ಕೆ ಹೋಗುವ ಗಾಡಿಯು ಸುಮಾರು ಎಂಟು ಗಂಟೆಯ ದಾರಿಯಲ್ಲಿ ಲೀಚ್ಟೆನ್‌ಸ್ಟೈನ್ ಎಂಬ ಅಂಗೈಯಗಲದ ಸಂಸ್ಥಾನವೊಂದನ್ನು ದಾಟುತ್ತದೆ. ಆಸ್ಟ್ರಿಯವನ್ನು ಹೊಕ್ಕ ಮೇಲೂ ಕುಫ್‌ಸ್ಟೈನಿನಿಂದ ಸಾಲ್ಟ್ಸ್‌ಬರ್ಗಿನವರೆಗೆ ಜರ್ಮನಿಯ ನೆಲದ ಮೇಲೆ ಓಡಿ, ಮತ್ತೆ ಆಸ್ಟ್ರಿಯಕ್ಕೆ ಬರುತ್ತದೆ. ಸ್ವದೇಶದೊಳಗಿನ ಬೆಟ್ಟದ ದಾರಿ ಸುತ್ತು. ನೆರೆಯವನ ಹಿತ್ತಿಲ ದಾರಿ ನೆಟ್ಟಗೆ. ಆದುದರಿಂದ ಹಾಗೆ ಹೋಗುತ್ತಾರೆ.

ಇದನ್ನು ಕೇಳಿ ಬೆರಗಾಗುವ ಮೊದಲು ನಮ್ಮ ಬಾಗಿಲಲ್ಲಿಯೇ ದಶಕಗಳ ಕಾಲ ನಡೆದ ಒಂದು ಪ್ರವಾಸವನ್ನು ನಾವು ನೆನೆಯೋಣ. ಮಂಗಳೂರಿನವನು ರೈಲಿನಲ್ಲಿ ಬೆಂಗಳೂರಿಗೆ ಬರಬೇಕಾದರೆ ಪಡುವಣದಿಂದ ಬರುವಂತಿರಲಿಲ್ಲ. ಅವನು ಮೂಡಣದಿಂದ, ವೈಟ್‌ಫೀಲ್ಡು ಕೃಷ್ಣರಾಜಪುರಗಳನ್ನು ದಾಟಿ, ಹಲಸೂರಿನ ಮಗ್ಗುಲಲ್ಲಿ ಹಾದು, ಇದೇ ದಂಡಿನ ನಿಲ್ದಾಣಕ್ಕೆ ಬರುತ್ತಿದ್ದನು. ಕಡಲ ಕರೆಯಲ್ಲಿ ಹುಟ್ಟಿದವನು ಸೂರ್ಯ ಹುಟ್ಟುವ ದಿಕ್ಕಿನಿಂದ ರಾಜಧಾನಿಯನ್ನು ಹೊಗುತ್ತಿದ್ದನೆಂಬುದು ಇಂದಿನ ಹುಡುಗರಿಗೆ ಒಗಟಿನಂತೆ ಕೇಳಬಹುದು.

ಕಾರಣವು ಸರಳವಾದುದು. ಮದರಾಸು ರೈಲ್ವೆಯವರು ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ಹಳಿ ತಂದುದು ೧೮೬೪ರಲ್ಲಿ. ಸೈನ್ಯವೂ ಸಾಮಾನೂ ಮದರಾಸಿನಿಂದ ಬರಬೇಕಾಗಿದ್ದುದರಿಂದ ಹಳಿಯು ಮೊದಲು ಮುಟ್ಟಿದುದು ದಂಡನ್ನು, ಪೇಟೆಯನ್ನಲ್ಲ. ಇತ್ತ ಪಶ್ಚಿಮ ಕರಾವಳಿಯ ಹಳಿಯು ಮಲೆಯಾಳದ ಕಡೆಯಿಂದ ಮೆಲ್ಲಮೆಲ್ಲನೆ ಬಡಗಲಾಗಿ ಬೆಳೆದು ೧೯೦೭ರಲ್ಲಿ ಮಂಗಳೂರನ್ನು ಸೇರಿತು. ನಡುವೆ ಸಹ್ಯಾದ್ರಿಯ ಗೋಡೆ. ಅದರಲ್ಲಿ ದೇವರೇ ಇಟ್ಟ ಬಾಗಿಲೆಂದರೆ ಪಾಲಕ್ಕಾಡಿನ ಕಣಿವೆ. ಇಂಜಿನಿಯರರು ಆ ಬಾಗಿಲಿನಿಂದಲೇ ನುಗ್ಗಿದರು. ರಸ್ತೆಯಿಂದ ಅಳೆದರೆ ಮಂಗಳೂರಿಗೂ ಬೆಂಗಳೂರಿಗೂ ಸುಮಾರು ೩೫೦ ಕಿಲೋಮೀಟರ್; ಈ ಹಳಿಯ ಮೇಲೆ ಸುಮಾರು ೮೦೦. ಉಪಾಧ್ಯಾಯರು ಭೂಪಟವನ್ನು ತೂಗಹಾಕಿ ಮಕ್ಕಳ ಕೈಯಿಂದಲೇ ದಾರ ಹಿಡಿಸಿ ಅಳೆಸಬಹುದು.

ಆ ದಾರಿಯನ್ನು ಒಮ್ಮೆ ಮನಸ್ಸಿನಲ್ಲಿ ಸವೆಸೋಣ. ಮಂಗಳೂರು ಬಿಟ್ಟೊಡನೆ ನೇತ್ರಾವತಿಯ ಸೇತುವೆ, ಆಮೇಲೆ ಉಳ್ಳಾಲ, ತರುವಾಯ ಗೋವಿಂದ ಪೈಗಳ ಮಂಜೇಶ್ವರ. ಉಪ್ಪಳ, ಕುಂಬಳೆ, ಕಾಸರಗೋಡು. ಇಷ್ಟು ದೂರವೂ ಡಬ್ಬಿಯೊಳಗೆ ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತುಗಳೇ. ಚಂದ್ರಗಿರಿ ಹೊಳೆಯನ್ನು ದಾಟಿದ ಬಳಿಕ ಮಲೆಯಾಳವು ಮೇಲಾಗುತ್ತದೆ. ಕಣ್ಣೂರು, ತಲಶ್ಶೇರಿಗಳಾದ ಮೇಲೆ ಮಾಹೆಯ ಮಗ್ಗುಲು; ಈ ಮಾಹೆಯು ೧೯೫೪ರವರೆಗೂ ಫ್ರೆಂಚರ ಕೈಯಲ್ಲಿದ್ದುದರಿಂದ, ನಮ್ಮ ಪ್ರವಾಸಿಗೆ ಕಿಟಕಿಯಿಂದಲೇ ಯೂರೋಪಿನ ಒಂದು ಚೂರನ್ನು ನೆರೆಯಲ್ಲಿ ಕಂಡ ಭಾಗ್ಯವೂ ಇತ್ತೆನ್ನಬೇಕು. ಕೋಳಿಕ್ಕೋಡಿನ ಮೇಲೆ ಶೊರನೂರು. ಅಲ್ಲಿಂದ ಮೂಡಲಿಗೆ ತಿರುಗಿ ಪಾಲಕ್ಕಾಡಿನ ಕಣಿವೆ. ತೆಂಗು ಹೋಗಿ ತಾಳೆ ಬಂದಿತು, ಹಸುರು ಹೋಗಿ ಕೆಮ್ಮಣ್ಣು ಬಂದಿತು. ಕೊಯಮತ್ತೂರು, ಈರೋಡು, ಸೇಲಂ. ಜೋಲಾರಪೇಟೆಯಲ್ಲಿ ಗಂಟುಮೂಟೆಯಿಳಿಸಿ ಬೆಂಗಳೂರಿನ ಗಾಡಿಗಾಗಿ ಕಾಯಬೇಕು. ಅಲ್ಲಿಂದ ಏರು. ತೆಲುಗಿನ ಕುಪ್ಪಂ ಕಳೆದ ಮೇಲೆ ಬಂಗಾರಪೇಟೆ, ಮಾಲೂರು. ಕನ್ನಡವು ಮತ್ತೆ ಕಿವಿಗೆ ಬೀಳುವುದು ಇಲ್ಲಿಯೇ.

ಕನ್ನಡ ನಾಡಿನಿಂದ ಕನ್ನಡ ನಾಡಿಗೆ ಬರಲು ಮಲೆಯಾಳ, ತಮಿಳು, ತೆಲುಗು ಮೂರನ್ನೂ ದಾಟಬೇಕಾಗಿತ್ತು. ಅಷ್ಟಕ್ಕೇ ಮುಗಿಯಲಿಲ್ಲ. ಮದರಾಸು ಪ್ರಾಂತದಿಂದ ಹೊರಟವನು ಬಂಗಾರಪೇಟೆಯ ಕಡೆಗೆ ಮೈಸೂರು ಸಂಸ್ಥಾನವನ್ನು ಹೊಕ್ಕನಷ್ಟೆ? ಕೃಷ್ಣರಾಜಪುರವು ಮಹಾರಾಜರದು, ಅದರ ಮುಂದಿನ ಈ ದಂಡು ಪ್ರದೇಶವು ಪುನಃ ಬ್ರಿಟಿಷ್ ರೆಸಿಡೆಂಟರದು. ೧೮೮೧ರಲ್ಲಿ ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗ ಇದನ್ನು ಮಾತ್ರ ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಇನ್ನು ಸ್ವಲ್ಪ ಮುಂದೆ ಹೋಗಿ ಸಿಟಿ ನಿಲ್ದಾಣದಲ್ಲಿ ಇಳಿದರೆ ತಿರುಗಿ ಮೈಸೂರು! ದಂಡಿಗೊಂದು ಮುನಿಸಿಪಾಲಿಟಿ, ಪೇಟೆಗೊಂದು, ನ್ಯಾಯಸ್ಥಾನಗಳೂ ಬೇರೆ. ದಂಡು ಮೈಸೂರಿಗೆ ಮರಳಿದುದು ೧೯೪೭ರ ಜುಲೈಯಲ್ಲಿ. ಎರಡು ಮುನಿಸಿಪಾಲಿಟಿಗಳು ಒಂದು ಕಾರ್ಪೊರೇಷನ್ನಾದುದು ೧೯೪೯ರಲ್ಲಿ.

೧೯೫೬ರ ನವೆಂಬರ್ ಒಂದರಂದು ನಾಡು ಕೂಡಿತು. ಮಂಗಳೂರೂ ಬೆಂಗಳೂರೂ ಒಂದೇ ರಾಜ್ಯದವಾದವು. ಕಾಸರಗೋಡು ಕೇರಳಕ್ಕೆ ಹೋಯಿತು. ಆದರೆ ಹಳಿಯು ರಾಜಪತ್ರವನ್ನು ಓದುವುದಿಲ್ಲ. ನಾಡು ಒಂದಾದ ಮಾರನೆಯ ದಿನವೂ ಮಂಗಳೂರಿನ ರೈಲು ಪ್ರಯಾಣಿಕನು ಅದೇ ೮೦೦ ಕಿಲೋಮೀಟರ್ ಸುತ್ತಬೇಕಾಗಿತ್ತು. ಈಗ ಪ್ರಾಂತವೊಂದರ ಬದಲು ಕೇರಳ, ಮದರಾಸು, ಆಂಧ್ರ ಎಂಬ ಮೂರು ರಾಜ್ಯಗಳನ್ನು ದಾಟಿ. ಬಹುಮಂದಿ ಇದನ್ನು ಬಿಟ್ಟು ಬಸ್ಸಿನಲ್ಲಿ ಘಾಟಿ ಹತ್ತಿದರೆಂಬುದು ನಿಜ. ಮಳೆಗಾಲದ ಘಾಟಿ ರಸ್ತೆ ಎಂಥದೆಂದು ಹತ್ತಿದವರನ್ನು ಕೇಳಬೇಕು. ಹಾಸನದಿಂದ ಮಂಗಳೂರಿಗೆ ಹಳಿ ತೆರೆದುದು ೧೯೭೯ರಲ್ಲಿ. ಭೂಪಟದಲ್ಲಿ ಕೂಡಿದ ನಾಡು ಕಬ್ಬಿಣದಲ್ಲಿ ಕೂಡಲು ೨೩ ವರ್ಷ ಹಿಡಿಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಐವತ್ತೈದು ಕಿಲೋಮೀಟರಿನ ಘಾಟಿಯಲ್ಲಿ ಐವತ್ತಕ್ಕೂ ಮಿಕ್ಕ ಸುರಂಗಗಳು, ನೂರಕ್ಕೂ ಮಿಕ್ಕ ಸೇತುವೆಗಳು. ಐವತ್ತು ಅಡಿ ಹೋದರೆ ಒಂದಡಿ ಏರು. ತಡವಾದುದಕ್ಕೆ ಬೆಟ್ಟವನ್ನು ದೂರುವವರುಂಟು. ಬೆಟ್ಟವು ಕಷ್ಟವೇ ಸರಿ. ಆದರೆ ಅದು ೧೮೬೪ರಲ್ಲಿಯೂ ಅಲ್ಲಿಯೇ ಇತ್ತು, ೧೯೭೯ರಲ್ಲಿಯೂ ಅಲ್ಲಿಯೇ ಇತ್ತು. ಬೇಕೆನಿಸಿದ ದಿನ ಕೊರೆದರು.

ಕೊರೆದ ಮೇಲೂ ಕಥೆ ಮುಗಿಯಲಿಲ್ಲ. ಹಾಕಿದುದು ಮೀಟರ್ ಗೇಜು, ಎಂದರೆ ಕಂಬಿಗಳ ನಡುವೆ ಒಂದು ಮೀಟರ್ ಅಂತರ. ಜೋಲಾರಪೇಟೆಯ ಕಡೆಯದು ೧೬೭೬ ಮಿಲಿಮೀಟರಿನ ಅಗಲ ಹಳಿ. ಕಿರಿದನ್ನು ಹಿರಿದು ಮಾಡಲು ೧೯೯೬ರಲ್ಲಿ ಈ ಘಾಟಿಯ ಮಾರ್ಗವನ್ನು ಮುಚ್ಚಿದರು; ಪ್ರಯಾಣಿಕರ ಗಾಡಿ ಮತ್ತೆ ಓಡಿದುದು ೨೦೦೭ರ ಕೊನೆಗೆ. ಆ ಹನ್ನೊಂದು ವರ್ಷ ರೈಲೇ ಬೇಕೆಂದವನಿಗೆ ಮತ್ತೆ ಪಾಲಕ್ಕಾಡಿನ ಸುತ್ತು, ಇಲ್ಲವೆ ೧೯೯೮ರ ತರುವಾಯ ಕೊಂಕಣ ರೈಲಿನಲ್ಲಿ ಗೋವೆಯ ಸುತ್ತು. ಯೂರೋಪಿನಲ್ಲಿಯೂ ನಿಜವಾದ ಗಡಿ ಇಂಥದೇ. ಫ್ರಾನ್ಸಿಗೂ ಸ್ಪೇನಿಗೂ ನಡುವೆ ರಹದಾರಿ ಕೇಳುವ ಪದ್ಧತಿಯನ್ನು ೧೯೯೫ರಲ್ಲಿಯೇ ಎತ್ತಿಹಾಕಿದರು. ಆದರೆ ಸ್ಪೇನಿನ ಹಳೆಯ ಹಳಿಗಳು ಅಗಲ, ಫ್ರಾನ್ಸಿನವು ಕಿರಿದು. ಮನುಷ್ಯನನ್ನು ತಡೆಯದ ಗಡಿಯು ಗಾಡಿಯನ್ನು ತಡೆಯಿತು. ಸ್ಪೇನಿನವರು ಓಡುತ್ತಲೇ ಗಾಲಿಗಳ ಅಂತರವನ್ನು ಬದಲಿಸಿಕೊಳ್ಳುವ ಗಾಡಿಗಳನ್ನು ಕಟ್ಟಿದರು. ಹೊಸ ವೇಗದ ಮಾರ್ಗಗಳನ್ನು ನೆರೆಯವರ ಅಳತೆಗೇ ಹಾಕಿದರು. ವಿಯೆನ್ನಾದ ಗಾಡಿಯು ಜರ್ಮನಿಯ ಮೂಲೆಯನ್ನು ನಿರಾತಂಕವಾಗಿ ಹಾಯುವುದಕ್ಕೆ ಸ್ನೇಹವೊಂದೇ ಕಾರಣವಲ್ಲ. ಸ್ವಿಟ್ಜರ್ಲೆಂಡು, ಆಸ್ಟ್ರಿಯ, ಜರ್ಮನಿಗಳ ಹಳಿಯ ಅಗಲವೂ ಒಂದೇ, ತಂತಿಯ ವಿದ್ಯುತ್ತೂ ಒಂದೇ.

ಕಾಸರಗೋಡಿನ ಮಾತನ್ನೂ ಹೇಳಬೇಕು. ಚಂದ್ರಗಿರಿಯ ಬಡಗಣ ಭಾಗವು ಕನ್ನಡ ನಾಡಿಗೆ ಸೇರತಕ್ಕದ್ದೆಂದು ಮಹಾಜನ ಆಯೋಗವು ೧೯೬೭ರಲ್ಲಿ ವರದಿ ಕೊಟ್ಟಿತು. ಅದು ಜಾರಿಗೆ ಬರಲಿಲ್ಲ. ಇಂದು ಕಣ್ಣೂರಿನಿಂದ ಹೊರಟು ಕಾಸರಗೋಡು, ಮಂಗಳೂರು, ಹಾಸನಗಳ ಮೇಲೆ ಬೆಂಗಳೂರಿಗೆ ಬರುವ ರಾತ್ರಿಯ ಗಾಡಿಯುಂಟು. ರಾಜ್ಯದ ಗೆರೆಯು ಕಾಸರಗೋಡಿನವನನ್ನು ಹೊರಗಿಟ್ಟಿತು; ಗಾಡಿಯು ಅವನನ್ನು ಮುಂಜಾನೆಯ ಹೊತ್ತಿಗೆ ಬೆಂಗಳೂರಿನ ಪಡುವಣ ಬಾಗಿಲಿಗೆ ತಂದು ಬಿಡುತ್ತದೆ.

ನಮ್ಮ ಮೂಡಣ ಬಾಗಿಲೂ ಬಡವಾಗಿಲ್ಲ. ಬೈಯಪ್ಪನಹಳ್ಳಿಯಲ್ಲಿ ವಿಶ್ವೇಶ್ವರಯ್ಯನವರ ಹೆಸರಿನ ದೊಡ್ಡ ನಿಲ್ದಾಣವು ೨೦೨೨ರಲ್ಲಿ ತೆರೆಯಿತು. ಕುಪ್ಪಂ, ಬಂಗಾರಪೇಟೆ, ಮಾಲೂರುಗಳಿಂದ ದಿನವೂ ಬುತ್ತಿ ಕಟ್ಟಿಕೊಂಡು ಬರುವ ಕೆಲಸಗಾರರು ಕೃಷ್ಣರಾಜಪುರದಲ್ಲಿಯೂ ದಂಡಿನಲ್ಲಿಯೂ ಇಳಿಯುತ್ತಾರೆ. ಅವರಲ್ಲಿ ಕುಪ್ಪಂನವರು ಬೆಳಗಿನ ತೂಕಡಿಕೆಯಲ್ಲಿ ಒಂದು ರಾಜ್ಯದ ಗಡಿಯನ್ನು ದಾಟಿರುತ್ತಾರೆ. ಸಂಜೆ ಅದನ್ನೇ ಇನ್ನೊಮ್ಮೆ ದಾಟಿ ಮನೆ ಸೇರುತ್ತಾರೆ.