ಪುನೀತೆ ಮಾರ್ಗರೆಟ್ ಪೋಲ್: ಕೈಬಿಡದ ನಿಷ್ಠೆ



ಮೇ 28ರಂದು ನಾವು ಪುನೀತೆ ಮಾರ್ಗರೆಟ್ ಪೋಲ್ ಅವರನ್ನು ಸ್ಮರಿಸುತ್ತೇವೆ. 1473ರಲ್ಲಿ ಜನಿಸಿದ ಇವರು ಇಂಗ್ಲೆಂಡಿನ ದೊರೆ ನಾಲ್ಕನೇ ಎಡ್ವರ್ಡನ ತಮ್ಮನ ಮಗಳು. ಸಿಂಹಾಸನದ ಹಕ್ಕು ಹುಟ್ಟಿನಿಂದಲೇ ಬಂದಿತ್ತು. ಟ್ಯೂಡರ್ ಅರಸರಿಗೆ ಅದೇ ಭಯ. ಇವರ ತಮ್ಮನನ್ನು ಏಳನೇ ಹೆನ್ರಿ 1499ರಲ್ಲಿ ಕೊಲ್ಲಿಸಿದ.

ಎಂಟನೇ ಹೆನ್ರಿ ಮೊದಲು ಆದರಿಸಿ, 1512ರಲ್ಲಿ ಸಾಲಿಸ್‌ಬರಿಯ ಕೌಂಟೆಸ್ ಪದವಿ ಕೊಟ್ಟ. ಮಗಳು ಮೇರಿಯ ಪಾಲನೆಯನ್ನೂ ವಹಿಸಿದ. ಮುಂದೆ ರಾಣಿ ಕ್ಯಾಥರೀನಳನ್ನು ತ್ಯಜಿಸಿ, 1533ರಲ್ಲಿ ಮೇರಿಯ ಪರಿವಾರವನ್ನೂ ಬರಖಾಸ್ತು ಮಾಡಿದ. ಆಗ ಮಾರ್ಗರೆಟ್, "ನನ್ನ ಸ್ವಂತ ಖರ್ಚಿನಲ್ಲೇ ಆಕೆಯ ಸೇವೆ ಮಾಡುವೆ" ಎಂಬ ಅರ್ಥದಲ್ಲಿ ಕೇಳಿಕೊಂಡರು. ಅರಸ ಒಪ್ಪಲಿಲ್ಲ.

ಮಗ ರೆಜಿನಾಲ್ಡ್ ಹೊರನಾಡಿನಿಂದ ಅರಸನನ್ನು ಖಂಡಿಸಿ ಬರೆದು, 1536ರಲ್ಲಿ ಕಾರ್ಡಿನಲ್ ಆದರು. ಮಗ ಕೈಗೆ ಸಿಗಲಿಲ್ಲ, ತಾಯಿ ಸಿಕ್ಕರು. 1539ರಲ್ಲಿ ಹಿರಿಯ ಮಗನ ಶಿರಚ್ಛೇದವಾಯಿತು. ತಾಯಿಯನ್ನು ವಿಚಾರಣೆಯಿಲ್ಲದೆ, ಸಂಸತ್ತಿನ ಶಾಸನದಿಂದಲೇ ರಾಜದ್ರೋಹಿಯೆಂದು ಸಾರಿದರು. 1541ರ ಮೇ 27ರಂದು ಲಂಡನ್ ಗೋಪುರದ ಆವರಣದಲ್ಲಿ 67 ವರ್ಷದ ಆ ವೃದ್ಧೆಯ ತಲೆ ಕಡಿದರು. 1886ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಅವರನ್ನು ಪುನೀತರೆಂದು ಘೋಷಿಸಿದರು.

ಪ್ರಿಯರೇ, ಅಧಿಕಾರ ಕಳೆದುಕೊಂಡವರ ಮನೆಗೆ ಹೋಗಲು ನಾವು ಹಿಂಜರಿಯುತ್ತೇವೆ. ಮಾರ್ಗರೆಟ್ ಬಿದ್ದವಳ ಪಕ್ಕದಲ್ಲೇ ನಿಂತರು. ಅಂಥ ಧೈರ್ಯವನ್ನು ಪ್ರಭು ನಮಗೂ ದಯಪಾಲಿಸಲಿ. ಆಮೆನ್.